ಹತ್ತೂವರೆಗೆ ಬಾಗಿಲು

ನಮ್ಮ ಮಹಾರಾಣಿ ಕಾಲೇಜಿನ ಮ್ಯಾಗಜಿನ್‌ಗೆ ಅಮೆರಿಕದ ದಿನಗಳ ಬಗ್ಗೆ ಬರೆದು ಕೊಡಿ ಅಂತ ಹುಡುಗಿಯರು ಮನೆಗೇ ಬಂದು ಕೇಳಿದರು. "ಅಲ್ಲಿ ಎಷ್ಟು ಫ್ರೀ ಆಗಿದ್ದಿರಿ ಅಲ್ವಾ ಮೇಡಂ?" ಅಂತ ಒಬ್ಬಳು ಅಂದಳು. ನನಗೆ ನಗು ಬಂತು.

ನಾನು 1953ರಲ್ಲಿ ಆನ್ ಆರ್ಬರ್‌ಗೆ ಹೋದೆ, ಮಿಶಿಗನ್ ವಿಶ್ವವಿದ್ಯಾಲಯಕ್ಕೆ. ಖರ್ಚು ಬಾರ್ಬರ್ ವಿದ್ಯಾರ್ಥಿವೇತನದ್ದು. ಆ ವಿಶ್ವವಿದ್ಯಾಲಯದ ಆಡಳಿತ ಮಂಡಳಿಯಲ್ಲಿದ್ದ ಲೆವಿ ಬಾರ್ಬರ್ ಎಂಬುವರು ಏಷ್ಯಾ ಸುತ್ತಲು ಹೋಗಿದ್ದರಂತೆ. ಮಿಶಿಗನ್‌ನಲ್ಲೇ ಡಾಕ್ಟರಿಕೆ ಕಲಿತು ಹೋಗಿದ್ದ ಹೆಣ್ಣುಮಕ್ಕಳು ಅಲ್ಲಿ ಮಾಡುತ್ತಿದ್ದ ಕೆಲಸ ಕಂಡು, 1917ರಲ್ಲಿ ಏಷ್ಯಾದ ಹೆಣ್ಣುಮಕ್ಕಳಿಗಾಗಿಯೇ ದುಡ್ಡು ಇಟ್ಟರು. ಸಸ್ಯವಿಜ್ಞಾನಿ ಜಾನಕಿ ಅಮ್ಮಾಳ್ ಓದಿದ್ದು ಅದರಲ್ಲೇ. ನಮ್ಮ ಕಡೆಯವರೇ ಆದ ರಾಜೇಶ್ವರಿ ಚಟರ್ಜಿ ಕೂಡ ಅದರಲ್ಲೇ ಎಂಜಿನಿಯರಿಂಗ್‌ನಲ್ಲಿ ಪಿಎಚ್‌ಡಿ ಮಾಡಿದರು. ನಾನು ಹೋದ ವರ್ಷವೇ ಅವರು ಬೆಂಗಳೂರಿಗೆ ವಾಪಸು ಬಂದು ಟಾಟಾ ಇನ್‌ಸ್ಟಿಟ್ಯೂಟ್‌ನಲ್ಲಿ, ಅಂದರೆ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ, ಪಾಠಕ್ಕೆ ನಿಂತರು. ಅವರ ಹೆಸರು ಹೇಳಿಯೇ ನಮ್ಮಪ್ಪನನ್ನು ಒಪ್ಪಿಸಿದ್ದು.

ನನಗೆ ಜಾಗ ಸಿಕ್ಕಿದ್ದು ಮಾರ್ಥಾ ಕುಕ್ ಕಟ್ಟಡದಲ್ಲಿ. ನ್ಯೂಯಾರ್ಕಿನ ವಕೀಲರೊಬ್ಬರು ತಾಯಿಯ ಹೆಸರಿನಲ್ಲಿ ಕಟ್ಟಿಸಿಕೊಟ್ಟ ಹಾಸ್ಟೆಲ್, 1915ರದ್ದು. ಕೆಳಗಿನ ಉದ್ದ ಹಜಾರದ ತುದಿಯಲ್ಲಿ ವೀನಸ್ ಪ್ರತಿಮೆ. ಶುಕ್ರವಾರ ಬಂದರೆ ಎಲ್ಲರೂ ನೀಟಾಗಿ ಬಟ್ಟೆ ಹಾಕಿಕೊಂಡು ಟೀಗೆ ಕೂರಬೇಕು. ಬೆನ್ನು ನೆಟ್ಟಗೆ, ಮಾತು ಮೆಲ್ಲಗೆ. ನಮ್ಮ ಸೋದರತ್ತೆ ಬಂದಿದ್ದರೆ ಬಹಳ ಮೆಚ್ಚಿಕೊಳ್ಳುತ್ತಿದ್ದರು!

ಆಗ ಅಲ್ಲಿನ ಎಲ್ಲ ಹುಡುಗಿಯರ ಹಾಸ್ಟೆಲ್‌ಗಳಿಗೂ ಟೈಮ್ ಇತ್ತು. ವಾರದ ದಿನಗಳಲ್ಲಿ ರಾತ್ರಿ ಹತ್ತೂವರೆಗೆ ಬಾಗಿಲು. ಶುಕ್ರವಾರ, ಶನಿವಾರ ಸ್ವಲ್ಪ ಸಡಿಲ. ಸಂಜೆ ಹೊರಗೆ ಹೊರಟರೆ ಎಲ್ಲಿಗೆ, ಯಾವಾಗ ವಾಪಸು ಅಂತ ಬರೆದಿಡಬೇಕು. ತಡವಾದ ನಿಮಿಷಗಳನ್ನೂ ಲೆಕ್ಕ ಇಡುತ್ತಿದ್ದರು. ಹುಡುಗರಿಗೆ ಇದ್ಯಾವುದೂ ಇಲ್ಲ. ಹತ್ತು ಇಪ್ಪತ್ತೈದಕ್ಕೆ ನಮ್ಮ ಮೆಟ್ಟಿಲ ಮೇಲೆ ಒಂದು ಜಾತ್ರೆ ಇರುತ್ತಿತ್ತು. ಬೀಳ್ಕೊಡಲು ಬಂದ ಹುಡುಗರು, ಬೀಳ್ಕೊಳ್ಳಲು ಮನಸ್ಸಿಲ್ಲದ ಹುಡುಗಿಯರು. ನಾನು ಸೀರೆ ಮೇಲೆ ಓವರ್‌ಕೋಟ್ ಹಾಕಿಕೊಂಡು, ಪುಸ್ತಕ ಎದೆಗೊತ್ತಿಕೊಂಡು, ನೆಲ ನೋಡುತ್ತಾ ಅವರ ನಡುವೆ ನುಗ್ಗಿ ಒಳಗೆ ಹೋಗುತ್ತಿದ್ದೆ.

ಹಿಮದಲ್ಲಿ ಸೀರೆ ಹೇಗೆ ಅಂತ ಎಲ್ಲರೂ ಕೇಳುತ್ತಾರೆ. ಒಳಗೆ ಉಣ್ಣೆಯ ಕಾಲುಚೀಲ, ಕೆಳಗೆ ಬೂಟು, ನೆರಿಗೆ ಒಂದು ಗೇಣು ಮೇಲೆ. ಅಷ್ಟೇ. ಅಲ್ಲಿನ ಹುಡುಗಿಯರ ಪಾಡು ನನಗಿಂತ ಕಷ್ಟ. ಅಂಥ ಚಳಿಯಲ್ಲೂ ಕ್ಲಾಸಿಗೆ ಸ್ಕರ್ಟೇ ಆಗಬೇಕು, ಮೊಣಕಾಲು ಕೆಂಪಗೆ.

ಯೂನಿಯನ್ ಅಂತ ಒಂದು ದೊಡ್ಡ ಕಟ್ಟಡ ಇತ್ತು. ಅದು ಗಂಡಸರದ್ದು. ಜೊತೆಯಲ್ಲಿ ಗಂಡಸು ಇಲ್ಲದಿದ್ದರೆ ಹೆಂಗಸರು ಮುಂಬಾಗಿಲಿನಿಂದ ಹೋಗುವ ಹಾಗಿಲ್ಲ, ಪಕ್ಕದ ಬಾಗಿಲೇ ಗತಿ. ಹೀಗಿದ್ದ ಮೇಲೆ ಹಳೆಯ ವಿದ್ಯಾರ್ಥಿನಿಯರು ಸುಮ್ನೆ ಕೂರಲಿಲ್ಲ. ವರ್ಷಗಟ್ಟಲೆ ದುಡ್ಡು ಕೂಡಿಸಿ 1929ರಲ್ಲಿ ತಮ್ಮದೇ ಕಟ್ಟಡ ಎಬ್ಬಿಸಿದರು, ಹೆಸರು ಲೀಗ್. ನನಗೆ ಆ ಊರಿನಲ್ಲಿ ಎಲ್ಲಕ್ಕಿಂತ ಇಷ್ಟವಾದ ಜಾಗ ಅದೇ.

ನನ್ನ ರೂಮ್‌ಮೇಟ್ ಉತ್ತರದ ಒಂದು ಸಣ್ಣ ಊರಿನವಳು. ಹೈಸ್ಕೂಲಿನ ಬ್ಯಾಂಡಿನಲ್ಲಿ ಕಾರ್ನೆಟ್ ಊದುತ್ತಿದ್ದಳು. ಇಲ್ಲಿ ಮಾರ್ಚಿಂಗ್ ಬ್ಯಾಂಡಿಗೆ ಹುಡುಗಿಯರನ್ನು ಸೇರಿಸುತ್ತಿರಲಿಲ್ಲ. ಶನಿವಾರ ಫುಟ್‌ಬಾಲ್ ಪಂದ್ಯಕ್ಕೆ ನನ್ನನ್ನೂ ಎಳೆದುಕೊಂಡು ಹೋಗುವಳು. ಸುಮಾರು 97 ಸಾವಿರ ಜನ ಹಿಡಿಯುವ ಸ್ಟೇಡಿಯಂ! ನನಗೆ ಆಟ ಕಡೆಗೂ ಅರ್ಥವಾಗಲಿಲ್ಲ. ಅವಳು ಆಟ ನೋಡುತ್ತಲೇ ಇರಲಿಲ್ಲ, ಬ್ಯಾಂಡ್ ಬಾರಿಸುವಾಗ ತೊಡೆಯ ಮೇಲೆ ಮೂರು ಬೆರಳು ಆಡಿಸುತ್ತಾ ಕೂರುವಳು. ಹುಡುಗಿಯರಿಗೆ ಆ ಬ್ಯಾಂಡ್ ತೆರೆದದ್ದು 1972ರಲ್ಲಿ. ಆ ವರ್ಷದ ಕ್ರಿಸ್‌ಮಸ್ ಕಾರ್ಡಿನಲ್ಲಿ ಅವಳು ಆ ಸುದ್ದಿ ಬರೆದು, ಕೆಳಗೆ ಒಂದು ಬೈಗುಳ ಸೇರಿಸಿದ್ದಳು. ಅದನ್ನು ಇಲ್ಲಿ ಅಚ್ಚು ಹಾಕಲಾಗದು.

ಗಣಿತದಲ್ಲಿ ಅವಳು ನನಗಿಂತ ಚುರುಕು. ಆದರೂ ಮೂರನೇ ವರ್ಷಕ್ಕೇ ಒಬ್ಬ ಹುಡುಗ ತನ್ನ ಸಂಘದ ಪಿನ್ ತಂದು ಇವಳ ಸ್ವೆಟರಿಗೆ ಚುಚ್ಚಿದ. ಅಲ್ಲಿನ ಲೆಕ್ಕದಲ್ಲಿ ಅರ್ಧ ನಿಶ್ಚಿತಾರ್ಥ. ಅವನ ಗೆಳೆಯರೆಲ್ಲ ರಾತ್ರಿ ನಮ್ಮ ಕಿಟಕಿಯ ಕೆಳಗೆ ನಿಂತು ಹಾಡಿದರು. ಆಗ ಆ ದೇಶದಲ್ಲಿ ಹುಡುಗಿಯರ ಮದುವೆ ವಯಸ್ಸು ಹೆಚ್ಚುಕಡಿಮೆ 20. ಮದುವೆ ಬೇಡ ಅಂತ ಜಗಳ ಆಡಿ ಹಡಗು ಹತ್ತಿದ್ದ ನನಗೆ, ಅಲ್ಲೂ ಊಟದ ಮೇಜಿನಲ್ಲಿ ಅದೇ ಮಾತು. ಡಿಗ್ರಿ ಮುಗಿಸದೆ ಹೊರಟವರನ್ನು ಯಾರೂ ತಡೆಯುತ್ತಿರಲಿಲ್ಲ, ಸಿಹಿ ಹಂಚುತ್ತಿದ್ದರು. ಅವಳು ಮಾತ್ರ ಹಟ ಹಿಡಿದು ಪರೀಕ್ಷೆ ಮುಗಿಸಿಯೇ ಮದುವೆಯಾದಳು.

ಕ್ಲಾಸಿನೊಳಗೆ ಬೇರೆಯೇ ಲೋಕ. ನನ್ನದು ಸಾರ್ವಜನಿಕ ಆರೋಗ್ಯ ವಿಭಾಗ, ಅಂಕಿಅಂಶದ ಕೆಲಸ. ಅಲ್ಲಿ ನೀವು ಯಾವ ಬಾಗಿಲಿನಿಂದ ಬಂದಿರಿ ಅಂತ ಕೇಳುವವರಿರಲಿಲ್ಲ, ಲೆಕ್ಕ ಸರಿ ಇದೆಯಾ ಅಂತ ಕೇಳುತ್ತಿದ್ದರು. ಆ ವಿಭಾಗದ ಡಾಕ್ಟರ್ ಥಾಮಸ್ ಫ್ರಾನ್ಸಿಸ್ ಅವರೇ ಜೋನಾಸ್ ಸಾಕ್ ಎಂಬ ವಿಜ್ಞಾನಿ ತಯಾರಿಸಿದ ಪೋಲಿಯೊ ಲಸಿಕೆಯ ಪರೀಕ್ಷೆಯನ್ನು ತೂಗಿ ನೋಡುತ್ತಿದ್ದರು. 1954ರಲ್ಲಿ ಸುಮಾರು 18 ಲಕ್ಷ ಮಕ್ಕಳು ಆ ಪರೀಕ್ಷೆಯಲ್ಲಿದ್ದರು. ಎಷ್ಟೋ ಮಕ್ಕಳಿಗೆ ಕೊಟ್ಟದ್ದು ಲಸಿಕೆಯಲ್ಲ, ಬರೀ ದ್ರಾವಣ. ಯಾರಿಗೆ ಯಾವುದು ಅಂತ ಸೂಜಿ ಹಾಕಿದವರಿಗೂ ಗೊತ್ತಿಲ್ಲ. ಇದನ್ನು ಕ್ಲಾಸಿನಲ್ಲಿ ಕೇಳಿದ ದಿನ ನನಗೆ ನಿದ್ದೆ ಬರಲಿಲ್ಲ. ಮಕ್ಕಳ ಮೇಲೆ ಹೀಗೆ ಮಾಡಬಹುದೇ ಅನ್ನುವ ಸಂಕಟ ಒಂದು ಕಡೆ, ಹೀಗೆ ಮಾಡದೆ ಸತ್ಯ ತಿಳಿಯುವುದು ಹೇಗೆ ಅನ್ನುವ ಬೆರಗು ಇನ್ನೊಂದು ಕಡೆ.

1955ರ ಏಪ್ರಿಲ್ 12ರಂದು ರಾಖಮ್ ಸಭಾಂಗಣದಲ್ಲಿ ಫಲಿತಾಂಶ ಓದಿದರು. ಒಳಗೆ ನಮ್ಮಂಥವರಿಗೆ ಎಲ್ಲಿಯ ಜಾಗ? ಹೊರಗೆ ನಿಂತಿದ್ದೆವು. ಪತ್ರಕರ್ತರು ವರದಿಯ ಕಟ್ಟುಗಳಿಗೆ ಮುಗಿಬಿದ್ದರು ಅಂತ ಆಮೇಲೆ ಕೇಳಿದೆವು. ಲಸಿಕೆ ಕೆಲಸ ಮಾಡುತ್ತದೆ ಅನ್ನುವ ಮಾತು ಹೊರಗೆ ಬಿದ್ದ ಮೇಲೆ ದೇಶದಲ್ಲಿ ಎಷ್ಟೋ ಕಡೆ ಚರ್ಚಿನ ಗಂಟೆ ಬಾರಿಸಿದರಂತೆ. ಪಾರ್ಶ್ವವಾಯು ತರುವ ಪೋಲಿಯೊ ಮೇಲೆ ನೂರಕ್ಕೆ 80ರಿಂದ 90ರಷ್ಟು ಪರಿಣಾಮ. ನನ್ನ ಪಕ್ಕ ನಿಂತಿದ್ದ ಗುರುತಿಲ್ಲದ ಹೆಂಗಸೊಬ್ಬಳು ನನ್ನನ್ನು ತಬ್ಬಿಕೊಂಡು ಗಳಗಳ ಅತ್ತಳು. ಅವಳ ಮನೆಯಲ್ಲಿ ಏನಾಗಿತ್ತೋ, ಕೇಳಲಿಲ್ಲ.

ಅದೇ ವರ್ಷ ಡಿಗ್ರಿ ಮುಗಿಸಿ ವಾಪಸು ಬಂದೆ. ಬೆಂಗಳೂರಿನಲ್ಲಿ ಸರ್ಕಾರಿ ಕೆಲಸ ಹಿಡಿದೆ, ಜ್ವರ ಮತ್ತು ಸಾವಿನ ಅಂಕಿ ಕೂಡಿಸುವ ಕೆಲಸ. ಪಲ್ಸ್ ಪೋಲಿಯೊ ಶುರುವಾದದ್ದು 1995ರಲ್ಲಿ, ನಾನು ನಿವೃತ್ತಳಾದ ಎಷ್ಟೋ ವರ್ಷಕ್ಕೆ. ಆದರೂ ನಮ್ಮ ಬೀದಿಯ ಬೂತಿಗೆ ಹೋಗಿ, ಹನಿ ಹಾಕಿಸಿಕೊಂಡ ಮಕ್ಕಳ ಲೆಕ್ಕ ಬರೆಯಲು ಕೂತೆ. ಆ ಹುಡುಗ ಡಾಕ್ಟರ್ ಎರಡು ಸಲ "ಅಜ್ಜಿ, ನಿಮಗ್ಯಾಕೆ ತೊಂದರೆ" ಅಂದ. ಸಂಜೆ ಅವನ ಕೂಡುವಿಕೆಯಲ್ಲೇ ತಪ್ಪು ಸಿಕ್ಕಿತು. ಆಮೇಲೆ ಮುಂದಿನ ಸುತ್ತಿಗೆ ಅವನೇ ಬಂದು ಕರೆದ.