ಅಜ್ಜಿ ಹೆಸರು ಹೇಳಿ ಮುಗಿಸುವಷ್ಟು ಹೊತ್ತು

ಫೋಟೊಗಳನ್ನು ವಿಡಿಯೊ ಮಾಡಿ ಡಿಸ್ಕ್‌ಗೆ ಬರೆಯೋದು ಕಷ್ಟದ ಕೆಲಸ ಅಲ್ಲ. ಒಂದೊಂದು ಫೋಟೊ ಎಷ್ಟು ಹೊತ್ತು ಪರದೆ ಮೇಲೆ ನಿಲ್ಲಬೇಕು ಅನ್ನೋದನ್ನು ತೀರ್ಮಾನ ಮಾಡೋದೇ ಕಷ್ಟ. ಸ್ಲೈಡ್‌ಶೋ ಮಾಡುವ ಸಾಫ್ಟ್‌ವೇರ್‌ಗಳು ಸಾಮಾನ್ಯವಾಗಿ ಎಲ್ಲಾ ಫೋಟೊಗೂ ನಾಲ್ಕೋ ಐದೋ ಸೆಕೆಂಡು ಅಂತ ಮೊದಲೇ ಇಟ್ಟಿರುತ್ತವೆ. ಒಬ್ಬರೇ ನಿಂತಿರುವ ಫೋಟೊಗೆ ಅದು ಸಾಕು. ಮದುವೆ ಚಪ್ಪರದ ಕೆಳಗೆ ಮೂರು ಸಾಲಾಗಿ ಇಡೀ ಊರು ನಿಂತಿರುವ ಫೋಟೊಗೆ ಎಲ್ಲಿ ಸಾಕಾಗುತ್ತದೆ?

2010ರ ಸುಮಾರಿಗೆ ನಮ್ಮ ಮನೆಯಲ್ಲಿ ಅಪ್ಪನ ಅರವತ್ತರ ಶಾಂತಿ ಇತ್ತು. ಹಳೇ ಆಲ್ಬಮ್‌ಗಳನ್ನೆಲ್ಲ ಸ್ಕ್ಯಾನ್ ಮಾಡಿ, ವಿಡಿಯೊ ಮಾಡಿ, ಬಂದವರಿಗೆಲ್ಲ ಒಂದೊಂದು ಡಿಸ್ಕ್ ಕೊಡೋಣ ಅಂತ ನಾನು ಹೊರಟೆ. ಹಾಸನ, ಅರಸೀಕೆರೆ, ತಿಪಟೂರು ಕಡೆ ಇರುವ ನಮ್ಮ ನೆಂಟರಲ್ಲಿ ಹೆಚ್ಚಿನವರ ಮನೆಯಲ್ಲಿ ಆಗ ಕಂಪ್ಯೂಟರ್ ಇರಲಿಲ್ಲ. ದಪ್ಪ ಟಿವಿ, ಅದರ ಮೇಲೊಂದು ಡಿವಿಡಿ ಪ್ಲೇಯರ್ ಮಾತ್ರ ಇತ್ತು. ಅದಕ್ಕೇ ಕಂಪ್ಯೂಟರ್ ಪರದೆಯಲ್ಲಿ ಹೇಗೆ ಕಾಣುತ್ತದೆ ಅನ್ನೋದನ್ನು ಬಿಟ್ಟು, ಆ ಟಿವಿಯಲ್ಲಿ ಹೇಗೆ ಕಾಣುತ್ತದೆ ಅಂತಲೇ ಯೋಚನೆ ಮಾಡಬೇಕಾಯಿತು.

ದಪ್ಪ ಟಿವಿ ಚಿತ್ರದ ಅಂಚನ್ನು ನುಂಗುತ್ತದೆ. ನಾಲ್ಕೂ ಕಡೆ ಒಂದಿಷ್ಟು ಭಾಗ ಚೌಕಟ್ಟಿನ ಹಿಂದೆ ಹೋಗಿಬಿಡುತ್ತದೆ. ಗುಂಪು ಫೋಟೊದಲ್ಲಿ ಆ ಅಂಚಿನಲ್ಲಿ ಯಾರಿರುತ್ತಾರೆ ಹೇಳಿ? ಕೊನೆಗೆ ಬಂದು ಸೇರಿಕೊಂಡವರು, ಸಂಕೋಚದವರು, ಮಗು ಎತ್ತಿಕೊಂಡು ಪಕ್ಕಕ್ಕೆ ನಿಂತ ಹೆಂಗಸರು. ನಮ್ಮ ಚಿಕ್ಕಜ್ಜ ಎಲ್ಲಾ ಫೋಟೊದಲ್ಲೂ ಬಲಗಡೆ ಕೊನೆಗೇ ನಿಂತಿದ್ದಾರೆ. ಹಾಗೇ ಬಿಟ್ಟರೆ ಅವರ ಅರ್ಧ ಮುಖ ಹೋಗುತ್ತಿತ್ತು. ಪ್ರತಿ ಫೋಟೊವನ್ನೂ ಸ್ವಲ್ಪ ಚಿಕ್ಕದು ಮಾಡಿ, ಸುತ್ತ ಮಂಕಾದ ಕಂದು ಬಣ್ಣದ ಅಂಚು ಕೊಟ್ಟೆ.

ಇನ್ನೊಂದು ವಿಷಯ ಮುಖದ ಆಕಾರದ್ದು. ನಮ್ಮ ಕಡೆಯ ಟಿವಿ ಪದ್ಧತಿಗೆ ಪಾಲ್ ಅಂತ ಹೆಸರು, ಆ ಪಾಲ್ ಡಿವಿಡಿಯ ಚಿತ್ರದ ಅಳತೆ 720×576 ಪಿಕ್ಸೆಲ್. ಆದರೆ ಮಾಮೂಲಿ ಟಿವಿ ಅದನ್ನು 4:3 ಅಳತೆಗೆ ಎಳೆದು ತೋರಿಸುತ್ತದೆ. ಫೋಟೊವನ್ನು ನೇರ 720×576ಕ್ಕೆ ಕೂರಿಸಿದರೆ ಟಿವಿಯಲ್ಲಿ ಎಲ್ಲರೂ ಒಂಚೂರು ದಪ್ಪಗಾಗುತ್ತಾರೆ. ಮೊದಲು 768×576ಕ್ಕೆ ಹೊಂದಿಸಿ, ಆಮೇಲೆ ಅಡ್ಡಕ್ಕೆ 720ಕ್ಕೆ ಒತ್ತಬೇಕು. ಆಗ ಕಂಪ್ಯೂಟರ್‌ನಲ್ಲಿ ಸಣ್ಣಗೆ ಕಂಡ ಮುಖ ಟಿವಿಯಲ್ಲಿ ಸರಿಯಾಗಿ ಬರುತ್ತದೆ. ಊರಿನ ಒಂದು ಸ್ಟುಡಿಯೋದವರು ಮಾಡಿಕೊಟ್ಟಿದ್ದ ಮದುವೆ ಡಿಸ್ಕ್ ಒಂದರಲ್ಲಿ ಇದ್ಯಾವುದನ್ನೂ ನೋಡಿರಲಿಲ್ಲ. ಸಾಲದ್ದಕ್ಕೆ ಫೋಟೊಗಳು ಗಿರಗಿರ ತಿರುಗಿ, ಚೂರುಚೂರಾಗಿ ಹಾರಿ ಹೋಗುತ್ತಿದ್ದವು. ತೀರಿಹೋದವರ ಮುಖವನ್ನು ಹಾಗೆ ಹಾರಿಸಬಾರದು ಅಂತ ನನಗೆ ಆಗಲೂ ಅನಿಸಿತ್ತು, ಈಗಲೂ ಅನಿಸುತ್ತದೆ. ನನ್ನ ವಿಡಿಯೊದಲ್ಲಿ ಒಂದು ಫೋಟೊ ನಿಧಾನಕ್ಕೆ ಮಸುಕಾಗಿ ಇನ್ನೊಂದು ಮೂಡುತ್ತದೆ, ಅಷ್ಟೇ.

ರೇಷ್ಮೆ ಸೀರೆಗಳ ಜರಿ ಅಂಚು ಮಾತ್ರ ತುಂಬಾ ಕಾಡಿತು. ಆ ಟಿವಿಗಳು ಚಿತ್ರದ ಗೆರೆಗಳನ್ನು ಒಂದು ಬಿಟ್ಟು ಒಂದರಂತೆ ಎರಡು ಸರದಿಯಲ್ಲಿ ತೋರಿಸುತ್ತವೆ. ಹಾಗಾಗಿ ಅಡ್ಡಡ್ಡ ಇರುವ ಸಣ್ಣ ಗೆರೆ ಒಂದು ಸರದಿಯಲ್ಲಿ ಬಂದು ಇನ್ನೊಂದರಲ್ಲಿ ಇರುವುದಿಲ್ಲ, ಪಟಪಟ ಮಿನುಗುತ್ತದೆ. ಮೇಲಿಂದ ಕೆಳಕ್ಕೆ ಒಂದು ಚೂರು ಬ್ಲರ್ ಕೊಟ್ಟಾಗ ಮಿನುಗೋದು ನಿಂತಿತು. ಮುಖಗಳಿಗೇನೂ ಧಕ್ಕೆಯಾಗಲಿಲ್ಲ.

ಇಷ್ಟೆಲ್ಲ ಮಾಡಿ, ಎಂಟೆಂಟು ಸೆಕೆಂಡು ಇಟ್ಟು, ಅಜ್ಜಿಯನ್ನು ಕೂರಿಸಿ ತೋರಿಸಿದೆ. ಮೊದಲ ಗುಂಪು ಫೋಟೊ ಬಂತು. ಅಜ್ಜಿ ಎದ್ದು ಟಿವಿ ಹತ್ತಿರ ಹೋಗಿ ಬೆರಳಿಟ್ಟರು. "ಇದು ನಮ್ಮಣ್ಣ. ಇದು ಅವನ ಭಾವಮೈದ. ಇವಳು..." ಅನ್ನುವಷ್ಟರಲ್ಲಿ ಫೋಟೊ ಹೋಯಿತು. "ತಡಿಯೋ, ಯಾಕೋ ಓಡಿಸ್ತೀಯಾ? ನಾನಿನ್ನೂ ಹಿಂದಿನ ಸಾಲಿಗೇ ಬಂದಿಲ್ಲ" ಅಂದರು.

ಅಲ್ಲಿಗೆ ನನ್ನ ಲೆಕ್ಕ ಪೂರ್ತಿ ಬದಲಾಯಿತು. ಹಿನ್ನೆಲೆಗೆ ಅಂತ ಇಟ್ಟುಕೊಂಡಿದ್ದ ವೀಣೆ ವಾದನ ತೆಗೆದುಹಾಕಿದೆ. ಹಿಂದಿನ ಕೋಣೆಯಲ್ಲಿ ಫ್ಯಾನ್ ಆರಿಸಿ, ಅಜ್ಜಿಯ ಮುಂದೆ ಆಲ್ಬಮ್ ಇಟ್ಟು, ಅವರು ಹೇಳಿದ್ದನ್ನೆಲ್ಲ ಲ್ಯಾಪ್‌ಟಾಪ್ ಮೈಕಿನಲ್ಲಿ ರೆಕಾರ್ಡ್ ಮಾಡಿದೆ. ಆಮೇಲೆ ಆ ಮಾತನ್ನು ಫೋಟೊಗೆ ತಕ್ಕ ಹಾಗೆ ಕತ್ತರಿಸಿದೆ. ಎಫ್‌ಎಫ್‌ಎಂಪೆಗ್ ಅನ್ನೋ ವಿಡಿಯೊ ಸಾಫ್ಟ್‌ವೇರ್‌ಗೆ ಒಂದು ಫೋಟೊ, ಒಂದು ಮಾತಿನ ತುಣುಕು ಕೊಟ್ಟು, ಮಾತು ಮುಗಿದಾಗ ವಿಡಿಯೊನೂ ಮುಗಿಸು ಅಂತ ಹೇಳಬಹುದು. ಪಾಲ್ ಡಿವಿಡಿ ಅಂತ ಟಾರ್ಗೆಟ್ ಕೊಟ್ಟರೆ ಅಳತೆ, ಸೆಕೆಂಡಿಗೆ 25 ಫ್ರೇಮು, 48 ಕಿಲೋಹರ್ಟ್ಸ್ ಆಡಿಯೊ ಎಲ್ಲ ಅದೇ ಹೊಂದಿಸುತ್ತದೆ. ಒಂದು ಫೋಟೊ ಹನ್ನೆರಡು ಸೆಕೆಂಡಿಗೆ ಮುಗಿಯಿತು. ಇನ್ನೊಂದು ಎರಡು ನಿಮಿಷ ನಿಂತಿತು, ಯಾಕೆಂದರೆ ಅದರಲ್ಲಿ ಕಾಣುವ ಬಾವಿ ತೋಡಿಸಿದ ಕಥೆಯನ್ನು ಅಜ್ಜಿ ಪೂರ್ತಿ ಹೇಳಿದ್ದರು.

ಎರಡು ನಿಮಿಷ ನಿಲ್ಲುವ ಫೋಟೊಗೆ ಸ್ವಲ್ಪ ಚಲನೆ ಬೇಕಾಗುತ್ತದೆ, ಅದು ಅಜ್ಜಿಯ ಬೆರಳು ಹೋದ ದಾರಿಯಲ್ಲೇ ಹೋದರೆ ಚೆಂದ. 600 ಡಿಪಿಐನಲ್ಲಿ, ಅಂದರೆ ಇಂಚಿಗೆ 600 ಚುಕ್ಕಿಯಂತೆ, ಸ್ಕ್ಯಾನ್ ಮಾಡಿದ್ದು ಇಲ್ಲಿ ಕೈಹಿಡಿಯಿತು. 4×6 ಇಂಚಿನ ಫೋಟೊ 2400×3600 ಬರುತ್ತದೆ, ಅದರಲ್ಲಿ ನಾಲ್ಕಾರು ಮುಖಗಳನ್ನಷ್ಟೇ ಹತ್ತಿರಕ್ಕೆ ತಂದರೂ ಟಿವಿ ತುಂಬ ಚೆನ್ನಾಗಿ ಕಾಣುತ್ತದೆ. ಡಿವಿಡಿಗಿಂತ ಹಳೇ ಕಾಲದ ವಿಸಿಡಿ ಪ್ಲೇಯರ್ ಮಾತ್ರ ಇದ್ದ ಮನೆಗಳಿಗೆ ಇದು ಬೇಕೇ ಬೇಕಿತ್ತು. ವಿಸಿಡಿಯ ಚಿತ್ರ 352×288 ಮಾತ್ರ. ಅದರಲ್ಲಿ ಇಡೀ ಗುಂಪನ್ನು ತೋರಿಸಿದರೆ ಯಾರ ಕಣ್ಣೂ ಮೂಗೂ ಗೊತ್ತಾಗುವುದಿಲ್ಲ. ವಿಡಿಯೊಗೆ ಸೆಕೆಂಡಿಗೆ 1150 ಕಿಲೋಬಿಟ್ ಡೇಟಾ ಮಾತ್ರ ಅಂತ ಕಟ್ಟುಪಾಡು ಬೇರೆ. ನಿಂತ ಫೋಟೊ ಕೂಡ ಅರ್ಧ ಸೆಕೆಂಡಿಗೊಮ್ಮೆ ಉಸಿರಾಡಿದ ಹಾಗೆ ಮಿಡಿಯುತ್ತದೆ. ಈ ಡಿಸ್ಕ್‌ಗಳಲ್ಲಿ ವಿಡಿಯೊ ಬರೆಯುವ ಎಂಪೆಗ್ ಪದ್ಧತಿ ಪೂರ್ತಿ ಚಿತ್ರವನ್ನು ಆಗೊಮ್ಮೆ ಈಗೊಮ್ಮೆ ಮಾತ್ರ ಇಟ್ಟು, ನಡುವೆ ಬರೀ ವ್ಯತ್ಯಾಸವನ್ನು ಬರೆದಿಡುವುದರಿಂದ ಹೀಗಾಗುತ್ತದೆ. ಡಿವಿಡಿಯಲ್ಲಿ ಆ ತೊಂದರೆ ಇರಲಿಲ್ಲ. ಸೆಕೆಂಡಿಗೆ 7 ಮೆಗಾಬಿಟ್ ಕೊಟ್ಟರೂ ನಲವತ್ತು ನಿಮಿಷಕ್ಕೆ ಎರಡು ಜಿಬಿ ಚಿಲ್ಲರೆ, 4.7 ಜಿಬಿ ಡಿಸ್ಕ್‌ನಲ್ಲಿ ಆರಾಮಾಗಿ ಹಿಡಿಸುತ್ತದೆ.

ಮನೆಯಲ್ಲಿ ಇಂಥ ಆಲ್ಬಮ್ ಇರುವವರು ಒಂದು ಮಾತ್ರ ಮಾಡಿ. ಡಿಸ್ಕ್ ಬರೆದಾಯಿತು ಅಂತ ಸ್ಕ್ಯಾನ್‌ಗಳನ್ನು ಅಳಿಸಬೇಡಿ. ಡಿವಿಡಿಯ ಒಂದು ಫ್ರೇಮ್‌ನಲ್ಲಿ ಇರೋದು ನಾಲ್ಕು ಲಕ್ಷ ಚಿಲ್ಲರೆ ಪಿಕ್ಸೆಲ್, ಸ್ಕ್ಯಾನ್‌ನಲ್ಲಿ ಎಂಬತ್ತಾರು ಲಕ್ಷ. ಕಳೆದದ್ದು ಮತ್ತೆ ಬರುವುದಿಲ್ಲ. ಹಿರಿಯರ ಮಾತಿನ ಮೂಲ ರೆಕಾರ್ಡಿಂಗನ್ನೂ ಹಾಗೇ ಇಟ್ಟುಕೊಳ್ಳಿ.

ಶಾಂತಿ ಮುಗಿದು ಎಲ್ಲರೂ ಊರು ಸೇರಿದ ಮೇಲೆ ಅರಸೀಕೆರೆ ಅತ್ತೆ ಫೋನ್ ಮಾಡಿದರು. ಒಂದು ಫೋಟೊದಲ್ಲಿ ಜಡೆ ಮುಂದಕ್ಕೆ ಹಾಕಿಕೊಂಡ ಹುಡುಗಿಯನ್ನು ತೋರಿಸಿ ಅಜ್ಜಿ "ಇವಳ್ಯಾರೋ ಗೊತ್ತಾಗ್ತಿಲ್ಲಪ್ಪ" ಅಂದಿದ್ದರು. "ಅದು ನಾನೇ ಕಣೋ! ಅಮ್ಮನಿಗೇ ಗೊತ್ತಾಗಲಿಲ್ವಾ?" ಅಂತ ಅತ್ತೆಗೆ ನಗುವೋ ನಗು. ಆ ಫೋನಿನಲ್ಲೇ ಇನ್ನೂ ಇಬ್ಬರ ಹೆಸರು ಹೇಳಿದರು. ಮುಂದಿನ ಸಲ ಅವರು ಬಂದಾಗ ಮೈಕು ಮುಂದೆ ಕೂರಿಸಿ ಆ ಒಂದು ತುಣುಕನ್ನು ಮತ್ತೆ ಮಾಡಿದೆ. ಅಜ್ಜಿ ಗೊತ್ತಾಗ್ತಿಲ್ಲ ಅಂದದ್ದನ್ನು ಹಾಗೇ ಬಿಟ್ಟು, ಅದರ ಹಿಂದೆಯೇ ಅತ್ತೆಯ ಮಾತು ಸೇರಿಸಿ, ಎಲ್ಲರಿಗೂ ಹೊಸ ಡಿಸ್ಕ್ ಬರೆದು ಕಳಿಸಿದೆ.