ಬೀಳುವುದು ಇಳಿಯುವಾಗ

ಕುಮಾರಪರ್ವತದಲ್ಲಿ ನಾನು ಬಿದ್ದ ಜಾಗ ಯಾವುದೆಂದು ಹೇಳಿದರೆ ಆ ಬೆಟ್ಟ ಹತ್ತಿದವರು ನಕ್ಕುಬಿಡುತ್ತಾರೆ. ಅದು ಶಿಖರಕ್ಕೆ ಮುಂಚೆ ಸಿಗುವ ಶೇಷಪರ್ವತದ ಅಂಚಲ್ಲ, ನೆತ್ತಿಯ ಕೆಳಗಿನ ಒದ್ದೆ ಬಂಡೆಯೂ ಅಲ್ಲ. ಇಳಿಯುವಾಗ, ಚಾರಣಿಗರು ಊಟಕ್ಕೆ ನಿಲ್ಲುವ ಭಟ್ಟರ ಮನೆ ದಾಟಿ, ಭೀಮನ ಬಂಡೆಯನ್ನೂ ದಾಟಿ, ಕುಕ್ಕೆ ಸುಬ್ರಹ್ಮಣ್ಯ ತಲುಪಲು ಇನ್ನೊಂದೆರಡು ಕಿಲೋಮೀಟರ್ ಉಳಿದಿರುವಾಗ, ಕಾಡಿನ ನಡುವಿನ ಸಾಧಾರಣ ದಾರಿಯಲ್ಲಿ, ಹೆಬ್ಬೆರಳಿನಷ್ಟು ದಪ್ಪದ ಒಂದು ಬೇರಿನ ಮೇಲೆ ನಾನು ಕಾಲಿಟ್ಟು ಜಾರಿದೆ. ಬೀಳುವವರೆಲ್ಲ ಮಾಡುವಂತೆ ಬಲಗೈಯನ್ನು ಮುಂದೆ ಊರಿದ್ದರಿಂದ ದೇಹದ ಭಾರವೂ ಬೆನ್ನಿನ ಚೀಲದ ಭಾರವೂ ಒಟ್ಟಿಗೆ ಮಣಿಕಟ್ಟಿನ ಮೇಲೆ ಬಿದ್ದು, ಒಣಕಡ್ಡಿ ಮುರಿದಂಥ ಸಣ್ಣ ಸದ್ದೊಂದು ನನಗೆ ಸ್ಪಷ್ಟವಾಗಿ ಕೇಳಿಸಿತು. ಆರು ವಾರ ಕೈಗೆ ಪ್ಲಾಸ್ಟರ್ ಹಾಕಿಸಿಕೊಂಡು ಕುಳಿತಾಗ ಕಡಿದಾದ ಬೆಟ್ಟದ ದಾರಿಗಳಲ್ಲಿ ಮನುಷ್ಯರು ಎಲ್ಲಿ, ಯಾಕೆ ಬೀಳುತ್ತಾರೆ ಎಂದು ಯೋಚಿಸಲು ಬೇಕಾದಷ್ಟು ಸಮಯ ಸಿಕ್ಕಿತು.

ಕುಮಾರಪರ್ವತದ ಎತ್ತರ 1,712 ಮೀಟರ್. ಕುಕ್ಕೆ ಇರುವುದು ಘಟ್ಟದ ಬುಡದಲ್ಲಿ. ಆದ್ದರಿಂದ ಹನ್ನೆರಡು ಹದಿಮೂರು ಕಿಲೋಮೀಟರ್ ದೂರದಲ್ಲಿ ಒಂದೂವರೆ ಕಿಲೋಮೀಟರಿಗೂ ಹೆಚ್ಚು ಎತ್ತರವನ್ನು ಏರಿ, ಅಷ್ಟನ್ನೇ ಇಳಿಯಬೇಕು. ಹತ್ತುವಾಗ ಏದುಸಿರು ಬರುತ್ತದೆ, ಎದೆ ಹೊಡೆದುಕೊಳ್ಳುತ್ತದೆ, ನಿಲ್ಲೆಂದು ದೇಹವೇ ಹೇಳುತ್ತದೆ. ಇಳಿಯುವಾಗ ಅಂಥ ಎಚ್ಚರಿಕೆಯೇನೂ ಇರುವುದಿಲ್ಲ. ಉಸಿರು ಸರಾಗವಾಗಿರುತ್ತದೆ, ಮಾತು ಹೆಚ್ಚುತ್ತದೆ, ಊಟದ ನೆನಪಾಗುತ್ತದೆ. ಆದರೆ ಅದೇ ಹೊತ್ತಿನಲ್ಲಿ ತೊಡೆಯ ಮುಂಭಾಗದ ಸ್ನಾಯುಗಳು ಪ್ರತಿ ಹೆಜ್ಜೆಗೂ ಬ್ರೇಕಿನ ಕೆಲಸ ಮಾಡುತ್ತ, ಭಾರ ಹೊತ್ತುಕೊಂಡೇ ಹಿಗ್ಗುತ್ತಿರುತ್ತವೆ. ಸ್ನಾಯುವಿನ ಎಳೆಗಳಿಗೆ ಹೆಚ್ಚು ಪೆಟ್ಟು ಕೊಡುವ ಕೆಲಸ ಇದೇ. ಚಾರಣ ಮುಗಿದ ಎರಡನೆಯ ದಿನ ಮನೆಯ ಮೆಟ್ಟಿಲಿಳಿಯಲು ಗೋಡೆ ಹಿಡಿಯಬೇಕಾಗುವುದು ಇದರಿಂದಲೇ. ಹೀಗೆ ದಣಿದ ಕಾಲಿನಲ್ಲಿ ಶಕ್ತಿಯ ಜೊತೆಗೆ ಅಂದಾಜೂ ಕುಂದುತ್ತದೆ. ಪಾದ ಎಷ್ಟು ಮೇಲೆದ್ದಿದೆ, ಎಲ್ಲಿ ಊರಲಿದೆ ಎಂಬ ಲೆಕ್ಕ ಬೆರಳಷ್ಟು ತಪ್ಪುತ್ತದೆ, ಬೇರಿಗೆ ಎಡವಲು ಆ ಬೆರಳಷ್ಟು ಅಂತರವೇ ಸಾಕು. ಆಸ್ಟ್ರಿಯಾದ ಆಲ್ಪ್ಸ್ ಪರ್ವತಗಳಲ್ಲಿ ಬಿದ್ದು ಗಾಯಗೊಂಡ ಚಾರಣಿಗರ ದಾಖಲೆಗಳನ್ನು ಅಲ್ಲಿನ ಸಂಶೋಧಕರು ಪರಿಶೀಲಿಸಿದಾಗ, ಸುಮಾರು ನಾಲ್ಕರಲ್ಲಿ ಮೂರು ಪಾಲು ಬೀಳುವಿಕೆ ಇಳಿಯುವಾಗಲೇ ಸಂಭವಿಸಿತ್ತು. ನನ್ನ ಬೇರು ಪಶ್ಚಿಮಘಟ್ಟದ್ದಾದರೂ ಲೆಕ್ಕ ಅಲ್ಲಿನದೇ.

ಇಳಿಜಾರಿನ ಲೆಕ್ಕವೂ ಹಾಗೆಯೇ ಸರಳ. ಮೂವತ್ತು ಡಿಗ್ರಿಯಷ್ಟು ವಾಲಿದ ಹಾಸುಬಂಡೆಯ ಮೇಲೆ ನಿಂತವನನ್ನು ಅವನ ತೂಕದ ಅರ್ಧದಷ್ಟು ಬಲ ಕೆಳಕ್ಕೆ ಎಳೆಯುತ್ತಿರುತ್ತದೆ. ಚೀಲವೂ ಸೇರಿ ಎಂಬತ್ತು ಕಿಲೋ ಇರುವವನ ಷೂ ತಳ ನಲವತ್ತು ಕಿಲೋ ಭಾರವನ್ನು ಜಾರದಂತೆ ಹಿಡಿದಿಟ್ಟುಕೊಳ್ಳಬೇಕು. ಒಣ ಗ್ರಾನೈಟ್ ಬಂಡೆಯ ಮೇಲೆ ಒಳ್ಳೆಯ ರಬ್ಬರ್ ತಳ ಇದನ್ನು ಸುಲಭವಾಗಿ ಮಾಡುತ್ತದೆ. ಸಾವನದುರ್ಗದ ಬಂಡೆಯನ್ನು ಬೇಸಿಗೆಯಲ್ಲಿ ಸಾಧಾರಣ ಷೂ ಹಾಕಿಕೊಂಡೇ ಜನ ಹತ್ತುವುದು ಇದರಿಂದ. ಅದೇ ಬಂಡೆ ಒಂದು ಮಳೆ ಬಿದ್ದು ಪಾಚಿ ನೆನೆದರೆ ಬೇರೆಯದೇ ಬಂಡೆಯಾಗುತ್ತದೆ. ಭಯವಾದಾಗ ನಾವು ಸಹಜವಾಗಿ ಬೆಟ್ಟದ ಕಡೆಗೆ, ಅಂದರೆ ಹಿಂದಕ್ಕೆ ವಾಲುತ್ತೇವೆ, ಅದು ಇನ್ನಷ್ಟು ಅಪಾಯಕಾರಿ. ಹಿಂದಕ್ಕೆ ವಾಲಿದ ಕೂಡಲೇ ಭಾರವೆಲ್ಲ ಹಿಮ್ಮಡಿಗೆ ಹೋಗಿ, ಪಾದ ಮುಂದಕ್ಕೆ ಜಾರುತ್ತದೆ. ಮೊಣಕಾಲನ್ನು ಸ್ವಲ್ಪ ಮಡಿಸಿ, ಹೆಜ್ಜೆಯನ್ನು ಗೇಣಿನಷ್ಟಕ್ಕೆ ಇಳಿಸಿ, ಪಾದದ ನೇರ ಮೇಲೆ ದೇಹವನ್ನು ಇಟ್ಟುಕೊಳ್ಳುವುದು ಮನಸ್ಸಿಗೆ ಒಗ್ಗದಿದ್ದರೂ ಕಾಲಿಗೆ ಒಗ್ಗುತ್ತದೆ.

ಜಾರುವುದು ಮಳೆಗಾಲದ ತೊಂದರೆ ಮಾತ್ರ ಎಂದು ನಾನು ಬಹಳ ಕಾಲ ತಿಳಿದಿದ್ದೆ. ಮಲೆನಾಡಿನಲ್ಲಿ ಬೆಳೆದವನಿಗೆ ಇದು ನಾಚಿಕೆಯ ಮಾತು. ಏಕೆಂದರೆ ಚಿಕ್ಕಂದಿನಲ್ಲಿ ಅಡಿಕೆ ಹಾಳೆಯ ಮೇಲೆ ಕೂತು ಗುಡ್ಡದಿಂದ ಜಾರುತ್ತಿದ್ದದ್ದು ಒಣ ಹುಲ್ಲಿನ ಕಾಲದಲ್ಲಿಯೇ. ಡಿಸೆಂಬರ್ ಕಳೆಯುತ್ತಿದ್ದಂತೆ ಘಟ್ಟದ ಹುಲ್ಲುಗಾವಲುಗಳು ಹೊಂಬಣ್ಣಕ್ಕೆ ತಿರುಗಿ ಫೋಟೋಗಳಲ್ಲಿ ಬಹಳ ಚೆಂದ ಕಾಣುತ್ತವೆ, ಆದರೆ ಕಾಲಡಿಯಲ್ಲಿ ಮಲಗಿದ ಆ ಹುಲ್ಲು ಎಣ್ಣೆ ಸವರಿದ ಹಾಗೆ ಜಾರುತ್ತದೆ. ಮುರಕಲ್ಲಿನ ದಾರಿಯಲ್ಲಿ ಉದುರಿದ ದುಂಡನೆಯ ಹರಳುಗಳ ಮೇಲೆ ನಡೆಯುವುದು ಕಡಲೆಕಾಳು ಚೆಲ್ಲಿದ ನೆಲದ ಮೇಲೆ ನಡೆದಂತೆ. ಕಾಡಿನೊಳಗೆ ಒಣಗಿದ ಎಲೆಗಳ ರಾಶಿ ಕಲ್ಲನ್ನೂ ಗುಂಡಿಯನ್ನೂ ಒಟ್ಟಿಗೆ ಮುಚ್ಚಿಡುತ್ತದೆ. ಸಿಪ್ಪೆ ಕಳಚಿಕೊಂಡು, ಸಾವಿರಾರು ಷೂಗಳು ತುಳಿದು ನುಣುಪಾದ ಬೇರುಗಳ ಬಗ್ಗೆ ಮತ್ತೆ ಹೇಳಬೇಕಾಗಿಲ್ಲ.

2022ರ ಫೆಬ್ರವರಿ ತಿಂಗಳೊಂದರಲ್ಲೇ ಇಂಥ ಎರಡು ಘಟನೆಗಳು ದೇಶದ ಗಮನ ಸೆಳೆದವು, ಎರಡೂ ನಡೆದದ್ದು ಒಣ ಋತುವಿನಲ್ಲಿ. ಕೇರಳದ ಮಲಂಪುಳದ ಬಳಿಯ ಬೆಟ್ಟವೊಂದರಲ್ಲಿ ಕಾಲು ಜಾರಿದ ಯುವಕ ಬಂಡೆಯ ಸಂದಿನಲ್ಲಿ ನಲವತ್ತು ಗಂಟೆಗೂ ಹೆಚ್ಚು ಕಾಲ ಸಿಕ್ಕಿಕೊಂಡಿದ್ದ. ಸೇನೆಯ ಪರ್ವತಾರೋಹಿಗಳು ಹಗ್ಗದಲ್ಲಿ ಇಳಿದು ಅವನನ್ನು ಮೇಲಕ್ಕೆ ತಂದರು. ಎರಡು ವಾರವೂ ಕಳೆಯುವ ಮುನ್ನ ನಂದಿಬೆಟ್ಟದ ಪಕ್ಕದ ಬ್ರಹ್ಮಗಿರಿಯಲ್ಲಿ ಹತ್ತೊಂಬತ್ತು ವರ್ಷದ ವಿದ್ಯಾರ್ಥಿಯೊಬ್ಬ ಸುಮಾರು 300 ಅಡಿ ಕೆಳಕ್ಕೆ ಜಾರಿ ಬಂಡೆಯ ಚಾಚಿನ ಮೇಲೆ ಸಿಕ್ಕಿಬಿದ್ದ. ಯಲಹಂಕದ ವಾಯುನೆಲೆಯಿಂದ ಬಂದ ಹೆಲಿಕಾಪ್ಟರ್ ಅವನನ್ನು ಎತ್ತಿಕೊಂಡಿತು. ಇಬ್ಬರೂ ಬದುಕಿದರು. ಈ ವಿಡಿಯೊಗಳನ್ನು ನೋಡಿದ ನನ್ನ ಗೆಳೆಯರಲ್ಲಿ ಕೆಲವರಿಗೆ, ಬಿದ್ದರೆ ಹೆಲಿಕಾಪ್ಟರ್ ಬರುತ್ತದೆ ಎಂಬ ಧೈರ್ಯ ಬಂದಂತಿದೆ. ಬಂಡೆಯ ಮೈಮೇಲೆ ಬಿಸಿಲಿನಲ್ಲಿ ಕಾಣುವಂತೆ ಬಿದ್ದವನ ಮಾತು ಬೇರೆ. ಮರಗಳು ಆಕಾಶವನ್ನೇ ಮುಚ್ಚಿರುವ ಶೋಲಾ ಕಾಡಿನಲ್ಲಿ ಬಿದ್ದವನನ್ನು ಮನುಷ್ಯರೇ ಹೊತ್ತು ತರಬೇಕು. ಎರಡು ಗಳುಗಳಿಗೆ ಕಂಬಳಿ ಕಟ್ಟಿ, ಹೆಗಲು ಬದಲಿಸುತ್ತ, ಒಬ್ಬ ವಯಸ್ಕನನ್ನು ಮೂರು ಕಿಲೋಮೀಟರ್ ಇಳಿಸಲು ಏಳೆಂಟು ಜನ ಬೇಕು, ಗಂಟೆಗಟ್ಟಲೆ ಹೊತ್ತೂ ಬೇಕು. 112ಕ್ಕೆ ಕರೆ ಮಾಡಲು ಮೊದಲು ಸಿಗ್ನಲ್ ಇರುವ ಜಾಗಕ್ಕೆ ಯಾರಾದರೂ ನಡೆಯಬೇಕು.

ನನ್ನ ಪುಣ್ಯಕ್ಕೆ ಮುರಿದದ್ದು ಕೈ, ಕಾಲು ನಡೆಯುವಂತಿತ್ತು. ಆದರೆ ಆಗ ಸಂಜೆ ಐದೂಮುಕ್ಕಾಲು. ಡಿಸೆಂಬರಿನಲ್ಲಿ ಸೂರ್ಯ ಮುಳುಗುವುದು ಆರು ಗಂಟೆ ದಾಟಿದ ಮೇಲಾದರೂ ಕಾಡಿನೊಳಗೆ ಅರ್ಧ ಗಂಟೆ ಮೊದಲೇ ಕತ್ತಲಾಗುತ್ತದೆ. ಬಿದ್ದ ಕಾರಣವನ್ನು ಬೇರಿನಲ್ಲಿ ಹುಡುಕುವುದಕ್ಕಿಂತ ಆ ಗಡಿಯಾರದಲ್ಲಿ ಹುಡುಕಬೇಕು. ಮಧ್ಯಾಹ್ನ ಒಂದಕ್ಕೆ ಎಲ್ಲೇ ಇದ್ದರೂ ಹಿಂದಿರುಗಬೇಕೆಂದು ನಾವು ನಾಲ್ವರೂ ಬೆಳಿಗ್ಗೆ ಮಾತಾಡಿಕೊಂಡಿದ್ದೆವು. ಒಂದಕ್ಕೆ ನಾವು ಶೇಷಪರ್ವತದ ಮೇಲಿದ್ದೆವು, ಎದುರಿಗೆ ಶಿಖರ ಕೈಗೆಟುಕುವಂತೆ ಕಾಣುತ್ತಿತ್ತು, ಮಾತು ಮುರಿದೆವು. ಮೇಲೆ ಕಳೆದುಕೊಂಡ ಆ ಒಂದೂವರೆ ಗಂಟೆಯನ್ನು ಕೆಳಗೆ ಹೆಜ್ಜೆ ಚುರುಕು ಮಾಡಿ ತೀರಿಸಲು ಹೊರಟಿದ್ದೆವು. ಭಟ್ಟರ ಮನೆಯಲ್ಲಿ ಮಜ್ಜಿಗೆ ಕುಡಿಯಲು ಕೂಡ ಸರಿಯಾಗಿ ಕೂರಲಿಲ್ಲ.

ಬಿದ್ದು ಸ್ವಲ್ಪ ಹೊತ್ತಿಗೆ, ತಲೆಯ ಮೇಲೆ ಅಕ್ಕಿ ಚೀಲ ಹೊತ್ತು ಕೆಳಗಿನಿಂದ ಬರುತ್ತಿದ್ದ ಹಿರಿಯರೊಬ್ಬರು ನಮ್ಮನ್ನು ಕಂಡು ನಿಂತರು. ಕಾಲಲ್ಲಿ ಸವೆದ ಹವಾಯಿ ಚಪ್ಪಲಿ. ಚೀಲವನ್ನು ಕಲ್ಲಿನ ಮೇಲಿಳಿಸಿ, ನನ್ನ ಟವೆಲನ್ನು ಬಿಚ್ಚಿ ಕೈಯನ್ನು ಎದೆಗೆ ಒತ್ತಿ ಕಟ್ಟಿ, ಉಂಗುರ ಇದ್ದರೆ ಈಗಲೇ ತೆಗೆಯಿರಿ, ಆಮೇಲೆ ಬಾತುಕೊಂಡರೆ ಬರುವುದಿಲ್ಲ ಎಂದರು. ಹೊರಡುವ ಮುಂಚೆ, “ಕಾಲು ಇಟ್ಟು ನೋಡಿ, ಮತ್ತೆ ಭಾರ ಹಾಕಿ ಮಾರಾಯ್ರೆ, ನೀವು ಎರಡನ್ನೂ ಒಟ್ಟಿಗೇ ಮಾಡ್ತೀರಿ” ಎಂದರು. ಅವರು ಹತ್ತಿ ಹೋಗುವುದನ್ನು ನಿಂತು ನೋಡಿದೆ: ಪಾದ ಕಲ್ಲನ್ನು ಮುಟ್ಟಿ, ಕ್ಷಣಮಾತ್ರ ತಡೆದು, ಆಮೇಲೆ ಮೈ ಮೇಲೇಳುತ್ತಿತ್ತು. ಐದು ಸಾವಿರ ರೂಪಾಯಿಯ ನನ್ನ ಷೂಗೆ ಬಾರದ ಕಲೆ ಅದು.

2024ರ ಜನವರಿಯಲ್ಲಿ ಇದೇ ದಾರಿಯಲ್ಲಿ ಸಾವಿರಾರು ಜನ ಸಾಲುಗಟ್ಟಿ ನಿಂತ ಚಿತ್ರಗಳು ಹರಡಿದ ಮೇಲೆ ಸರ್ಕಾರ ಕೆಲಕಾಲ ಚಾರಣ ನಿಲ್ಲಿಸಿ, ಆನ್‌ಲೈನ್ ಬುಕಿಂಗ್ ಮೂಲಕ ಸಂಖ್ಯೆಗೆ ಮಿತಿ ಹಾಕಿತು. ಅದನ್ನು ಪರಿಸರದ ದೃಷ್ಟಿಯಿಂದ ಹೊಗಳಿದವರೇ ಹೆಚ್ಚು. ನನಗೆ ಹೊಳೆದದ್ದು ಬೇರೆ. ಕಡಿದಾದ ದಾರಿಯಲ್ಲಿ ಮುಂದಿನವನು ಬಿದ್ದರೆ ಹಿಂದಿನವನೂ ಬೀಳುತ್ತಾನೆ, ಮೇಲಿನವನ ಕಾಲಿಗೆ ತಾಗಿದ ಸಡಿಲ ಕಲ್ಲು ಕೆಳಗಿನವನ ತಲೆಗೆ ಬರುತ್ತದೆ, ಹಿಂದಿನ ಸಾಲು ತಳ್ಳುವಾಗ ಕಾಲಿಟ್ಟು ನೋಡುವ ಆ ಕ್ಷಣದ ತಡೆ ಯಾರಿಗೂ ಸಿಗುವುದಿಲ್ಲ.

ಎರಡು ವರ್ಷದ ಬಳಿಕ ಮತ್ತೆ ಹೋದೆ. ಈ ಸಲ ಎರಡು ಊರುಗೋಲುಗಳಿದ್ದವು. ಇಳಿಯುವಾಗ ಅವನ್ನು ಸ್ವಲ್ಪ ಉದ್ದ ಮಾಡಿಕೊಂಡರೆ ಮೊಣಕಾಲಿನ ಭಾರ ತೋಳಿಗೂ ಹಂಚಿಹೋಗುತ್ತದೆ ಎಂಬುದು ಮೊದಲ ಅರ್ಧ ಗಂಟೆಯಲ್ಲೇ ತಿಳಿಯಿತು. ಮೊಬೈಲ್ ಬೆಳಕನ್ನು ನಂಬದೆ ಹಣೆಗೆ ಕಟ್ಟುವ ದೀಪವನ್ನೂ ಒಯ್ದಿದ್ದೆ, ಹಚ್ಚುವ ಅಗತ್ಯ ಬೀಳಲಿಲ್ಲ. ಹನ್ನೆರಡೂವರೆಗೆ ಶೇಷಪರ್ವತದಿಂದಲೇ ತಿರುಗಿದೆವು; ಜೊತೆಗಿದ್ದ ತಮ್ಮ ಶಿಖರ ನೋಡಲಿಲ್ಲವೆಂದು ಭಟ್ಟರ ಮನೆಯವರೆಗೂ ಮುಖ ಊದಿಸಿಕೊಂಡಿದ್ದ. ಭೀಮನ ಬಂಡೆಯ ಕೆಳಗೆ ನಾನು ಬಿದ್ದ ಜಾಗವನ್ನು ಅವನಿಗೆ ತೋರಿಸೋಣವೆಂದು ಹುಡುಕುತ್ತ ಬಂದೆ. ಅಂಥ ಬೇರುಗಳು ಹತ್ತು ಹೆಜ್ಜೆಗೊಂದರಂತೆ ಇದ್ದವು, ಯಾವುದೆಂದು ಗುರುತು ಹತ್ತಲಿಲ್ಲ.