ಬೇಲಿಯಾಚೆಗಿನ ಪ್ರಶ್ನೆ: ಸಾಬೀತಿನ ಹೊರೆ ಯಾರದು?

ಅಕ್ರಮ ವಲಸೆಯ ಮಾತು ಬಂದಾಗಲೆಲ್ಲ ನಮ್ಮ ಚರ್ಚೆ ಗಡಿಯ ಬೇಲಿಯ ಬಳಿಯೇ ನಿಂತುಬಿಡುತ್ತದೆ. ನದಿಪಾತ್ರಗಳನ್ನೂ ಹಾದುಹೋಗುವ, 4,096 ಕಿ.ಮೀ. ಉದ್ದದ ಭಾರತ–ಬಾಂಗ್ಲಾದೇಶ ಗಡಿಗೆ ಬೇಲಿ, ಕಾವಲು ಎರಡೂ ಬೇಕೆಂಬುದರಲ್ಲಿ ನನಗೆ ಅನುಮಾನವಿಲ್ಲ. ಆದರೆ ಒಳಬಂದವರನ್ನು ಗುರುತಿಸುವ ಕೆಲಸ ನಡೆಯುವುದು ಕಡತಗಳಲ್ಲಿ; ಸರ್ಕಾರ ಎಡವುವುದೂ ಹೆಚ್ಚಾಗಿ ಅಲ್ಲಿಯೇ.

1946ರ ವಿದೇಶಿಯರ ಕಾಯ್ದೆಯ 9ನೇ ಕಲಮಿನ ಪ್ರಕಾರ, ತಾನು ವಿದೇಶಿಯನಲ್ಲ ಎಂದು ಸಾಬೀತುಪಡಿಸುವ ಹೊರೆ ಸಂಶಯಕ್ಕೆ ಗುರಿಯಾದವನದೇ ಆಗಿತ್ತು. ಅಸ್ಸಾಮಿಗೆ ಅನ್ವಯಿಸಿದ್ದ 1983ರ ಐಎಂಡಿಟಿ ಕಾಯ್ದೆ (ಅಕ್ರಮ ವಲಸಿಗರನ್ನು ನ್ಯಾಯಮಂಡಳಿಗಳ ಮೂಲಕ ನಿರ್ಧರಿಸುವ ಕಾಯ್ದೆ) ಈ ಹೊರೆಯನ್ನು ಆತನ ಮೇಲಿಂದ ಇಳಿಸಿತ್ತು. ಅದರಿಂದ ಪತ್ತೆಕಾರ್ಯವೇ ದುಸ್ತರವಾಯಿತೆಂದು ಸುಪ್ರೀಂ ಕೋರ್ಟ್ 2005ರಲ್ಲಿ ಅದನ್ನು ರದ್ದುಪಡಿಸಿತು. 2025ರ ಹೊಸ ವಲಸೆ ಮತ್ತು ವಿದೇಶಿಯರ ಕಾಯ್ದೆಯೂ 1946ರ ಕಾಯ್ದೆಯ ಹಾದಿಯಲ್ಲೇ ಇದೆ.

ತತ್ತ್ವವಾಗಿ ಇದನ್ನು ಒಪ್ಪಬಹುದು. ಹುಟ್ಟಿದ ಊರು, ಪೋಷಕರ ವಿವರ ವ್ಯಕ್ತಿಗೇ ತಿಳಿದಿರುತ್ತದಲ್ಲ. ಆದರೆ ಅಸ್ಸಾಮಿನಲ್ಲಿ ರಾಷ್ಟ್ರೀಯ ಪೌರರ ನೋಂದಣಿ ಪಟ್ಟಿಗೆ (ಎನ್‌ಆರ್‌ಸಿ) ಹೆಸರು ಸೇರಿಸಲು ಕೇಳಿದ್ದು 1971ರ ಮಾರ್ಚ್ 24ರ ಮಧ್ಯರಾತ್ರಿಗೆ ಮುಂಚಿನ ದಾಖಲೆ, ಜೊತೆಗೆ ಆ ದಾಖಲೆಯಲ್ಲಿರುವ ಹಿರಿಯರೊಂದಿಗಿನ ನಂಟಿನ ಪುರಾವೆ. ಶಾಲೆಯ ಮೆಟ್ಟಿಲು ಹತ್ತದೆ, ಬೇಗ ಮದುವೆಯಾಗಿ ಬೇರೆ ಹಳ್ಳಿಗೆ ಹೋದ ಹೆಣ್ಣುಮಗಳ ಬಳಿ ತಂದೆಯ ಹೆಸರನ್ನು ತೋರಿಸಲು ಪಂಚಾಯಿತಿ ಕಾರ್ಯದರ್ಶಿಯ ಪತ್ರವೊಂದನ್ನು ಬಿಟ್ಟರೆ ಏನಿರಲು ಸಾಧ್ಯ? ಆ ಪತ್ರದ ಮಾನ್ಯತೆಯ ಪ್ರಶ್ನೆಯೇ ಸುಪ್ರೀಂ ಕೋರ್ಟಿನವರೆಗೆ ಹೋಗಬೇಕಾಯಿತು.

2019ರ ಆಗಸ್ಟ್ 31ರಂದು ಪ್ರಕಟವಾದ ಈ ಅಂತಿಮ ಪಟ್ಟಿಯಿಂದ 19,06,657 ಮಂದಿ ಹೊರಗುಳಿದರು. ಅವರ ಮೇಲ್ಮನವಿಗೆ ಬೇಕಾದ ತಿರಸ್ಕಾರಪತ್ರಗಳನ್ನು ಕೊಡುವುದೇ ವರ್ಷಗಟ್ಟಲೆ ನೆನೆಗುದಿಗೆ ಬಿದ್ದಿತು. ನಿಜವಾದ ನುಸುಳುಕೋರನಿಗೂ ದಾಖಲೆಯಿಲ್ಲದ ಬಡವನಿಗೂ ವ್ಯತ್ಯಾಸ ತೀರ್ಮಾನವಾಗದ ಇಂಥ ವಿಳಂಬದಿಂದ ಆಂತರಿಕ ಭದ್ರತೆಗೆ ಯಾವ ಲಾಭವೂ ನನಗೆ ಕಾಣುತ್ತಿಲ್ಲ.